ಅನ್ನನಾಳದ ಗಡ್ಡೆಗೆ ರೋಬೋಟ್ ನೆರವಿನ ಶಸ್ತ್ರಚಿಕಿತ್ಸೆ: ಕೊಟ್ಟ ಹಣಕ್ಕೆ ದೊರೆತದ್ದೇನು

ಅನ್ನನಾಳದ ಗೋಡೆಯಲ್ಲಿ ಬೆಳೆದಿದ್ದ, ಕ್ಯಾನ್ಸರ್ ಅಲ್ಲದ ಒಂದು ಗಡ್ಡೆಯನ್ನು ನನ್ನ ತಂಗಿ ಬೆಂಗಳೂರಿನ ಖಾಸಗಿ ಆಸ್ಪತ್ರೆಯೊಂದರಲ್ಲಿ ರೋಬೋಟ್ ನೆರವಿನ ಶಸ್ತ್ರಚಿಕಿತ್ಸೆಯಿಂದ ತೆಗೆಸಿಕೊಂಡಳು. ಮೊದಲ ತಪಾಸಣೆಯಿಂದ ಹಿಡಿದು ಕೊನೆಯ ಬಿಲ್ಲು ಕೈಗೆ ಬರುವವರೆಗೆ ನಾನು ಅವಳ ಜೊತೆಗಿದ್ದೆ. ಈ ಕಾಯಿಲೆ ಅಪರೂಪದ್ದಾದ್ದರಿಂದ ನೆರೆಹೊರೆಯಲ್ಲಿ ಕೇಳಿ ತಿಳಿಯೋಣವೆಂದರೆ ಅನುಭವವಿದ್ದವರು ಯಾರೂ ಸಿಗುವುದಿಲ್ಲ. ಆಸ್ಪತ್ರೆಗಳ ಜಾಹೀರಾತಿನಲ್ಲಿ ಯಂತ್ರದ ವರ್ಣನೆ ಇರುತ್ತದೆಯೇ ಹೊರತು ರೋಗಿಗೆ ಬೇಕಾದ ವಿವರ ಇರುವುದಿಲ್ಲ. ಆ ಕೊರತೆಯನ್ನು ಸ್ವಲ್ಪವಾದರೂ ತುಂಬಬೇಕೆಂಬ ಉದ್ದೇಶದಿಂದ ಇದನ್ನು ಬರೆಯುತ್ತಿದ್ದೇನೆ. ಮೊದಲೇ ಹೇಳಿಬಿಡುವುದಾದರೆ, ಶಸ್ತ್ರಚಿಕಿತ್ಸೆಯ ಬಗ್ಗೆ ನಮಗೆ ಪೂರ್ಣ ತೃಪ್ತಿಯಿದೆ, ಅದರ ವೆಚ್ಚವನ್ನು ನಮಗೆ ತಿಳಿಸಿದ ರೀತಿಯ ಬಗ್ಗೆ ಇಲ್ಲ. ರೋಬೋಟಿಗೆ ಸಲ್ಲುತ್ತಿರುವ ಮೆಚ್ಚುಗೆಯಲ್ಲಿ ದೊಡ್ಡ ಪಾಲು, ಆ ಯಂತ್ರ ಆಪರೇಷನ್ ಕೋಣೆಗೆ ಬರುವುದಕ್ಕೂ ಮೊದಲು ವೈದ್ಯರು ತೆಗೆದುಕೊಂಡ ಕೆಲವು ನಿರ್ಧಾರಗಳಿಗೆ ಸಲ್ಲಬೇಕು ಎಂಬುದೂ ನನ್ನ ದೃಢವಾದ ಅಭಿಪ್ರಾಯ.

ತಂಗಿಗೆ ಬಂದದ್ದು ಲಿಯೋಮಯೋಮ ಎಂಬ ಗಡ್ಡೆ. ಅನ್ನನಾಳದ ಗಡ್ಡೆಗಳಲ್ಲಿ ಹೆಚ್ಚಿನವು ಕ್ಯಾನ್ಸರ್‌ಗೆ ಸೇರಿದವು. ಕ್ಯಾನ್ಸರ್ ಅಲ್ಲದವು ಬಹಳ ವಿರಳ, ಮತ್ತು ಆ ವಿರಳವಾದವುಗಳಲ್ಲಿ ಲಿಯೋಮಯೋಮವೇ ಅತ್ಯಂತ ಸಾಮಾನ್ಯ. ಇದು ಅನ್ನನಾಳದ ಒಳಪದರದಲ್ಲಿ ಹುಟ್ಟುವುದಿಲ್ಲ, ಅದರ ಹೊರಗಿರುವ ಸ್ನಾಯುವಿನ ಪದರದಲ್ಲಿ ಹುಟ್ಟುತ್ತದೆ. ನಾಳದ ಮೇಲಿನ ಮೂರನೆಯ ಒಂದು ಭಾಗದಲ್ಲಿರುವ ಸ್ನಾಯುವಿನ ಬಗೆ ಬೇರೆಯಾದ್ದರಿಂದ ಅಲ್ಲಿ ಇದು ಕಾಣಿಸಿಕೊಳ್ಳುವುದು ಕಡಿಮೆ, ನಡುಭಾಗ ಮತ್ತು ಕೆಳಭಾಗಗಳಲ್ಲೇ ಹೆಚ್ಚು. ಬೆಳವಣಿಗೆ ತೀರಾ ನಿಧಾನ. ಎಷ್ಟೋ ಜನರಲ್ಲಿ ಯಾವ ತೊಂದರೆಯನ್ನೂ ಕೊಡದೆ ಇದ್ದು, ಬೇರೆ ಯಾವುದೋ ಕಾರಣಕ್ಕೆ ಮಾಡಿಸಿದ ಎಂಡೋಸ್ಕೋಪಿಯಲ್ಲೋ (ಬಾಯಿಯ ಮೂಲಕ ಕ್ಯಾಮೆರಾ ಇರುವ ನಳಿಕೆ ಇಳಿಸಿ ನೋಡುವ ಪರೀಕ್ಷೆ) ಸಿ.ಟಿ. ಸ್ಕ್ಯಾನಿನಲ್ಲೋ ಆಕಸ್ಮಿಕವಾಗಿ ಪತ್ತೆಯಾಗುತ್ತದೆ. ಸಾಮಾನ್ಯವಾಗಿ 5 ಸೆಂಟಿಮೀಟರ್ ದಾಟಿದ ಮೇಲೆ ನುಂಗಲು ಕಷ್ಟ, ಎದೆಯ ಮೂಳೆಯ ಹಿಂದೆ ಒತ್ತಿದಂಥ ನೋವು, ಎದೆಯುರಿ ಇವು ಶುರುವಾಗುತ್ತವೆ.

ನಮ್ಮ ಕಡೆಯವರಿಗೆ ಈ ರೋಗಲಕ್ಷಣವನ್ನು ಬೇಗ ಗುರುತಿಸುವ ಒಂದು ಅನುಕೂಲ ಇದೆ ಎಂದು ನನಗೆ ಅನ್ನಿಸುತ್ತದೆ. ರಾಗಿ ಮುದ್ದೆಯನ್ನು ಅಗಿಯುವ ವಾಡಿಕೆ ಇಲ್ಲ, ತುತ್ತು ಮುರಿದು ಸಾರಿನಲ್ಲಿ ಅದ್ದಿ ಹಾಗೆಯೇ ನುಂಗುತ್ತೇವೆ. ತಂಗಿಗೆ ಅನ್ನ, ಮೊಸರು, ನೀರು ಎಲ್ಲವೂ ಇಳಿಯುತ್ತಿದ್ದ ಕಾಲದಲ್ಲೇ ಮುದ್ದೆಯ ತುತ್ತು ಎದೆಯ ನಡುವೆ ಒಂದು ಕ್ಷಣ ನಿಂತು ಹೋಗುತ್ತಿತ್ತು. ಅವಳು ತುತ್ತನ್ನು ಚಿಕ್ಕದು ಮಾಡಿಕೊಂಡಳು, ಆಮೇಲೆ ಮುದ್ದೆಯನ್ನೇ ಬಿಟ್ಟಳು, ಕೊನೆಗೆ ಚಪಾತಿಯೂ ಸಿಕ್ಕಿಕೊಳ್ಳತೊಡಗಿದಾಗ ನಮ್ಮ ಊರಿನ ವೈದ್ಯರ ಬಳಿಗೆ ಹೋದೆವು. ಗಟ್ಟಿ ಆಹಾರ ನುಂಗಲು ತೊಡಕಾಗುವುದನ್ನು ಗ್ಯಾಸು, ಪಿತ್ತ ಎಂದು ತಳ್ಳಿಹಾಕಿ ಮಾತ್ರೆ ನುಂಗುತ್ತ ಕೂರುವುದು ಅಪಾಯಕರ, ಏಕೆಂದರೆ ಅನ್ನನಾಳದ ಕ್ಯಾನ್ಸರ್ ಕೂಡ ಇದೇ ಲಕ್ಷಣದಿಂದ ಆರಂಭವಾಗುತ್ತದೆ. ಯಾವುದು ಎಂದು ಹೇಳಬೇಕಾದದ್ದು ಎಂಡೋಸ್ಕೋಪಿ.

ಈ ಸೇವೆಯ ಮೊದಲ ಒಳ್ಳೆಯ ಅಂಶವನ್ನು ನಾನು ಗುರುತಿಸುವುದು ಆ ಎಂಡೋಸ್ಕೋಪಿಯಲ್ಲಿ. ಅದನ್ನು ಮಾಡಿದ್ದು ಬೆಂಗಳೂರಿನ ದೊಡ್ಡ ಆಸ್ಪತ್ರೆಯಲ್ಲಿ ಅಲ್ಲ, ಜಿಲ್ಲಾ ಕೇಂದ್ರದ ಒಂದು ಸಣ್ಣ ನರ್ಸಿಂಗ್ ಹೋಮಿನಲ್ಲಿ. ಅಲ್ಲಿನ ವೈದ್ಯರಿಗೆ ನಾಳದೊಳಗೆ ಒಂದು ಉಬ್ಬು ಕಂಡಿತು. ಉಬ್ಬಿನ ಮೇಲಿನ ಒಳಪದರ ನಯವಾಗಿ, ಹುಣ್ಣಿಲ್ಲದೆ, ಸುತ್ತಮುತ್ತಲಿನ ಬಣ್ಣದಲ್ಲೇ ಇತ್ತು. ಅವರು ಅಲ್ಲಿಂದ ಚೂರು ತೆಗೆಯದೆ ಉಪಕರಣವನ್ನು ಹೊರಗೆಳೆದುಕೊಂಡರು. ಬಯಾಪ್ಸಿ ಏಕೆ ಮಾಡಲಿಲ್ಲ ಎಂದು ನಾವು ಆತಂಕದಿಂದ ಕೇಳಿದ್ದಕ್ಕೆ ಅವರು ಹೀಗೆ ವಿವರಿಸಿದರು: "ನೋಡಿ ಸಾರ್, ಇದು ಒಳಪದರದ ಗಡ್ಡೆ ಥರ ಕಾಣ್ತಿಲ್ಲ, ಅದರ ಕೆಳಗಿನದು. ಈಗ ಇಲ್ಲಿ ಚುಚ್ಚಿದರೆ ಗಾಯ ಮಾಗುವಾಗ ಪದರ ಗಡ್ಡೆಗೆ ಅಂಟಿಕೊಳ್ಳುತ್ತೆ. ನಾಳೆ ಆಪರೇಷನ್ ಮಾಡೋರಿಗೆ ಬಿಡಿಸೋದು ಕಷ್ಟ ಆಗುತ್ತೆ." ಈ ಮಾತಿನ ಬೆಲೆ ನಮಗೆ ಆಮೇಲೆ ಅರ್ಥವಾಯಿತು. ಗಡ್ಡೆ ಮತ್ತು ಒಳಪದರಗಳ ನಡುವೆ ಸಹಜವಾಗಿ ಇರುವ ಸಡಿಲವಾದ ಅಂತರವೇ ಇಡೀ ಶಸ್ತ್ರಚಿಕಿತ್ಸೆಗೆ ಆಧಾರ. ಅನಾವಶ್ಯಕ ಬಯಾಪ್ಸಿಯಿಂದ ಆ ಅಂತರ ಕಲೆಗಟ್ಟಿ ಮುಚ್ಚಿಹೋದರೆ, ಎಷ್ಟೇ ಕೋಟಿ ಬೆಲೆಯ ಯಂತ್ರ ಬಂದರೂ ಒಳಪದರ ಹರಿಯುವ ಸಂಭವ ಹೆಚ್ಚುತ್ತದೆ.

ಬೆಂಗಳೂರಿನಲ್ಲಿ ಸಿ.ಟಿ. ಸ್ಕ್ಯಾನ್ ಮತ್ತು ಎಂಡೋಸ್ಕೋಪಿಕ್ ಅಲ್ಟ್ರಾಸೌಂಡ್ ಮಾಡಿದರು. ಎರಡನೆಯದರಲ್ಲಿ ಎಂಡೋಸ್ಕೋಪಿನ ತುದಿಯಲ್ಲೇ ಅಲ್ಟ್ರಾಸೌಂಡ್ ಇರುವುದರಿಂದ ನಾಳದ ಗೋಡೆಯ ಪದರಗಳು ಒಂದೊಂದಾಗಿ ಕಾಣುತ್ತವೆ, ಗಡ್ಡೆ ಯಾವ ಪದರದಲ್ಲಿ ಹುಟ್ಟಿದೆ ಎಂಬುದು ತಿಳಿಯುತ್ತದೆ. ತಂಗಿಯ ಗಡ್ಡೆ ಸ್ನಾಯುಪದರದ್ದು ಎಂದು ಖಚಿತವಾಯಿತು. ಉದ್ದ ಸುಮಾರು 6 ಸೆಂಟಿಮೀಟರ್, ಸ್ಥಳ ನಾಳದ ನಡುಭಾಗ, ಆಕಾರ ಮಾತ್ರ ಉರುಟಾಗಿರದೆ ಲಾಳದಂತೆ ಬಾಗಿ ನಾಳದ ಅರ್ಧ ಸುತ್ತನ್ನು ಆವರಿಸಿತ್ತು.

ಶಸ್ತ್ರಚಿಕಿತ್ಸೆ ನಿಜಕ್ಕೂ ಬೇಕೇ ಎಂಬ ಪ್ರಶ್ನೆಗೆ ಅಲ್ಲಿನ ಶಸ್ತ್ರಚಿಕಿತ್ಸಕರು ಸಮಯ ಕೊಟ್ಟು ಉತ್ತರಿಸಿದರು. ಚಿಕ್ಕದಾಗಿದ್ದು, ತೊಂದರೆ ಕೊಡದೆ ಇದ್ದು, ಸ್ಕ್ಯಾನಿನಲ್ಲಿ ಲಿಯೋಮಯೋಮದ ಲಕ್ಷಣಗಳೇ ಕಾಣುತ್ತಿದ್ದರೆ ಆಗಾಗ ಪರೀಕ್ಷೆ ಮಾಡಿಸುತ್ತ ಬಿಟ್ಟುಬಿಡಬಹುದು, ಇದು ಕ್ಯಾನ್ಸರ್ ಆಗಿ ಬದಲಾಗುವುದು ಅತ್ಯಂತ ವಿರಳ. ಇನ್ನು, ಗಾತ್ರ ಚಿಕ್ಕದಿದ್ದರೆ ಬಾಯಿಯ ಮೂಲಕವೇ ಎಂಡೋಸ್ಕೋಪ್ ಇಳಿಸಿ, ಒಳಪದರದ ಕೆಳಗೆ ಒಂದು ಸುರಂಗ ಕೊರೆದು ಗಡ್ಡೆಯನ್ನು ತೆಗೆಯುವ ವಿಧಾನವೂ ಈಗ ಇದೆ. ಜಪಾನಿನ ಹರುಹಿರೊ ಇನೊವೆ ಅವರು ಅಕಲೇಶಿಯ ಎಂಬ ನುಂಗುವ ತೊಂದರೆಗಾಗಿ ರೂಪಿಸಿದ ಎಂಡೋಸ್ಕೋಪಿಕ್ ಚಿಕಿತ್ಸೆಯ ದಾರಿಯಲ್ಲೇ ಚೀನಾದ ವೈದ್ಯರು ಬೆಳೆಸಿದ ವಿಧಾನ ಇದು. ಅದರಲ್ಲಿ ಎದೆಗೆ ಒಂದು ರಂಧ್ರವೂ ಬೇಕಾಗುವುದಿಲ್ಲ. ಆದರೆ ಗಡ್ಡೆಯನ್ನು ಆ ಸುರಂಗದ ಮೂಲಕ, ಗಂಟಲನ್ನು ಹಾಯಿಸಿ ಹೊರಗೆ ತರಬೇಕಾದ್ದರಿಂದ ಗಾತ್ರಕ್ಕೊಂದು ಮಿತಿ ಇದೆ, ಮತ್ತು ತಂಗಿಯದು ಆ ಮಿತಿಯನ್ನು ದಾಟಿತ್ತು. ತಮ್ಮ ಬಳಿ ರೋಬೋಟ್ ಇದೆ ಎಂಬ ಕಾರಣಕ್ಕೆ ಇವೆಲ್ಲವನ್ನೂ ಮರೆಮಾಡದೆ ಹೇಳಿದ ಆ ವೈದ್ಯರ ಪ್ರಾಮಾಣಿಕತೆಯನ್ನು ನಾನು ಇಲ್ಲಿ ದಾಖಲಿಸಲೇಬೇಕು.

ಹಿಂದೆ ಈ ಗಡ್ಡೆಗೆ ಪಕ್ಕೆಲುಬುಗಳ ನಡುವೆ ಉದ್ದಕ್ಕೆ ಕೊಯ್ದು, ಅವನ್ನು ಅಗಲಿಸಿ ಎದೆಯನ್ನು ತೆರೆಯಬೇಕಾಗಿತ್ತು. 1990ರ ದಶಕದಲ್ಲಿ ಕ್ಯಾಮೆರಾ ಮತ್ತು ಉದ್ದನೆಯ ಉಪಕರಣಗಳಿಂದ ಸಣ್ಣ ರಂಧ್ರಗಳ ಮೂಲಕ ಮಾಡುವ ಥೊರಾಕೋಸ್ಕೋಪಿ ಬಂತು. ಈ ಶತಮಾನದ ಆರಂಭದಿಂದ ಅದೇ ಕೆಲಸಕ್ಕೆ ರೋಬೋಟಿನ ಬಳಕೆ ಶುರುವಾಯಿತು. ಹೀಗಾಗಿ ರೋಬೋಟನ್ನು ಹೋಲಿಸಬೇಕಾದದ್ದು ಎದೆ ತೆರೆಯುವ ಹಳೆಯ ಆಪರೇಷನ್ನಿನ ಜೊತೆ ಮಾತ್ರ ಅಲ್ಲ, ಮಾಮೂಲಿ ಥೊರಾಕೋಸ್ಕೋಪಿಯ ಜೊತೆಗೂ ಹೌದು. ಸಣ್ಣ ಗಾಯ, ಕಡಿಮೆ ನೋವು, ಬೇಗ ಮನೆಗೆ ಎಂದು ಆಸ್ಪತ್ರೆಯ ಕರಪತ್ರದಲ್ಲಿ ಹೇಳುವ ಲಾಭಗಳಲ್ಲಿ ಬಹುಪಾಲು ಥೊರಾಕೋಸ್ಕೋಪಿಯಲ್ಲೂ ಸಿಗುವಂಥವೇ.

ಹಾಗಾದರೆ ರೋಬೋಟ್ ಹೆಚ್ಚಿಗೆ ಕೊಡುವುದೇನು? ಮೊದಲು ಯಂತ್ರದ ಬಗ್ಗೆ ಒಂದೆರಡು ಮಾತು. ನಮ್ಮ ಆಸ್ಪತ್ರೆಯಲ್ಲಿ ಇದ್ದದ್ದು ಅಮೆರಿಕದ ಇಂಟ್ಯೂಟಿವ್ ಸರ್ಜಿಕಲ್ ಕಂಪನಿಯ ಡಾ ವಿಂಚಿ ಎಕ್ಸ್‌ಐ. ಅಮೆರಿಕದಲ್ಲಿ ಡಾ ವಿಂಚಿಗೆ ಸಾಮಾನ್ಯ ಶಸ್ತ್ರಚಿಕಿತ್ಸೆಗಾಗಿ 2000ರಲ್ಲಿ ಅನುಮತಿ ದೊರೆಯಿತು, ಎಕ್ಸ್‌ಐ ಮಾದರಿ 2014ರಲ್ಲಿ ಬಂತು. ಈಗ ಗುರುಗ್ರಾಮದಲ್ಲಿ ತಯಾರಾಗುವ ಎಸ್‌ಎಸ್‌ಐ ಮಂತ್ರ ಎಂಬ ಭಾರತೀಯ ಯಂತ್ರವೂ ಬಳಕೆಯಲ್ಲಿದೆ. ರೋಬೋಟ್ ಎಂದೊಡನೆ ಯಂತ್ರವೇ ಆಪರೇಷನ್ ಮಾಡುತ್ತದೆಂದು ನಮ್ಮ ತಾಯಿ ಭಯಪಟ್ಟಿದ್ದರು. ಅದು ಸ್ವಂತ ಬುದ್ಧಿಯಿಂದ ಏನನ್ನೂ ಮಾಡುವುದಿಲ್ಲ. ಶಸ್ತ್ರಚಿಕಿತ್ಸಕರು ಅದೇ ಕೋಣೆಯಲ್ಲಿ, ಕೆಲವು ಅಡಿ ದೂರದ ಕನ್ಸೋಲಿನಲ್ಲಿ ಕುಳಿತು, ಬೆರಳು ಮತ್ತು ಮಣಿಕಟ್ಟಿನ ಚಲನೆಯಿಂದ ಯಂತ್ರದ ನಾಲ್ಕು ತೋಳುಗಳನ್ನು ನಡೆಸುತ್ತಾರೆ. ರೋಗಿಯ ಪಕ್ಕದಲ್ಲಿ ಇನ್ನೊಬ್ಬ ಸರ್ಜನ್ ಇದ್ದೇ ಇರುತ್ತಾರೆ. ಕೈ ನಡುಗಿದರೂ ಆ ನಡುಕ ಉಪಕರಣದ ತುದಿಗೆ ತಲುಪುವುದಿಲ್ಲ, ದೃಶ್ಯ ಆಳ ತಿಳಿಯುವಂತೆ ಮೂರು ಆಯಾಮದಲ್ಲಿ ಹತ್ತು ಪಟ್ಟಿನವರೆಗೆ ಹಿಗ್ಗಿ ಕಾಣುತ್ತದೆ, ಮತ್ತು ಸುಮಾರು 8 ಮಿಲಿಮೀಟರ್ ದಪ್ಪದ ಉಪಕರಣದ ತುದಿ ಮನುಷ್ಯನ ಮಣಿಕಟ್ಟಿನ ಹಾಗೆ ಎಲ್ಲ ದಿಕ್ಕಿಗೂ ಬಾಗುತ್ತದೆ. ಸಾಮಾನ್ಯ ಥೊರಾಕೋಸ್ಕೋಪಿಯ ಉಪಕರಣಗಳು ನೇರವಾದ ಕಡ್ಡಿಗಳು. ಪಕ್ಕೆಲುಬುಗಳ ನಡುವಿನ ರಂಧ್ರದಲ್ಲಿ ಸಿಕ್ಕಿಕೊಂಡ ಅವುಗಳಿಗೆ ಈ ಬಾಗುವಿಕೆ ಇಲ್ಲ.

ಈ ಗುಣಗಳು ಎಲ್ಲ ಆಪರೇಷನ್ನಿಗೂ ಒಂದೇ ಸಮ ಉಪಯೋಗಕ್ಕೆ ಬರುವುದಿಲ್ಲ. ಅನ್ನನಾಳದಲ್ಲಿ ಏಕೆ ಬರುತ್ತವೆ ಎಂಬುದಕ್ಕೆ ಅದು ಇರುವ ಜಾಗವನ್ನು ನೋಡಬೇಕು. ಸುಮಾರು 25 ಸೆಂಟಿಮೀಟರ್ ಉದ್ದದ ಈ ನಾಳ ಎದೆಯಲ್ಲಿ ಬೆನ್ನುಮೂಳೆಯ ಮುಂದೆ, ಶ್ವಾಸನಾಳ ಮತ್ತು ಹೃದಯದ ಹಿಂದೆ ಅಡಗಿದೆ. ಪಕ್ಕದಲ್ಲಿ ಮಹಾಪಧಮನಿ, ಗೋಡೆಗೆ ಹತ್ತಿಕೊಂಡಂತೆ ವೇಗಸ್ ನರಗಳು. ಕರುಳಿಗಿರುವಂತೆ ಹೊರಗಿನ ರಕ್ಷಣಾ ಪೊರೆ ಇದಕ್ಕೆ ಇಲ್ಲ, ಆದ್ದರಿಂದ ತೂತಾಗಿ ಸೋರಿದರೆ ಎದೆಯ ಒಳಗೆಲ್ಲ ಸೋಂಕು ಹರಡುವ ಗಂಭೀರ ಪರಿಸ್ಥಿತಿ ಉಂಟಾಗುತ್ತದೆ.

ಆಪರೇಷನ್ ನಡೆದ ಕ್ರಮವನ್ನು ವೈದ್ಯರು ಆಮೇಲೆ ವಿಡಿಯೋ ತೋರಿಸಿ ನಮಗೆ ತಿಳಿಸಿದರು. ನಡುಭಾಗದ ಗಡ್ಡೆಗಳನ್ನು ಸಾಮಾನ್ಯವಾಗಿ ಬಲ ಎದೆಯ ಕಡೆಯಿಂದ ತಲುಪುತ್ತಾರೆ. ಎರಡು ಕೊಳವೆಗಳು ಕೂಡಿರುವ ವಿಶೇಷ ಉಸಿರಾಟದ ನಳಿಕೆ ಹಾಕಿ, ಎಡ ಶ್ವಾಸಕೋಶದಿಂದ ಮಾತ್ರ ಉಸಿರಾಡಿಸುತ್ತ, ಬಲಗಡೆಯದನ್ನು ಕುಗ್ಗಿಸಿ ಜಾಗ ಮಾಡಿಕೊಳ್ಳುತ್ತಾರೆ. ಹೀಗೆ ಒಂದೇ ಶ್ವಾಸಕೋಶದ ಮೇಲೆ ರೋಗಿಯನ್ನು ಕಾಪಾಡುವ ಅರಿವಳಿಕೆ ತಜ್ಞರ ಕೆಲಸ ಸಣ್ಣದಲ್ಲ, ಆದರೂ ಯಾವ ಜಾಹೀರಾತಿನಲ್ಲೂ ಅವರ ಮಾತು ಬರುವುದಿಲ್ಲ. ಅನ್ನನಾಳದ ಮೇಲಿನ ತೆಳುಪೊರೆಯನ್ನು ಬಿಡಿಸಿ, ಗಡ್ಡೆಯ ಮೇಲಿನ ಸ್ನಾಯುವನ್ನು ಅದರ ಎಳೆಗಳ ಉದ್ದಕ್ಕೆ ಸೀಳಿದರು. ಅಲ್ಲಿಂದ ಮುಂದಿನದು ಹಲಸಿನ ತೊಳೆಯನ್ನು ಸೀಳಿ, ತೊಳೆ ಹರಿಯದ ಹಾಗೆ ಬೀಜವನ್ನು ಬಿಡಿಸಿ ತೆಗೆಯುವಂಥ ಕೆಲಸ. ಬಿಳಿಯ, ಹೊಳಪಿನ ಗಡ್ಡೆಗೆ ಒಂದು ಹೊಲಿಗೆ ಹಾಕಿ ಮೇಲಕ್ಕೆ ಎತ್ತಿ ಹಿಡಿದು, ಅದರ ಅಡಿಯಲ್ಲಿರುವ ಒಳಪದರವನ್ನು ಅಂಗುಲ ಅಂಗುಲವಾಗಿ ಬೇರ್ಪಡಿಸುತ್ತ ಹೋಗುತ್ತಾರೆ. ಅದೇ ಹೊತ್ತಿಗೆ ಬಾಯಿಯ ಮೂಲಕ ಎಂಡೋಸ್ಕೋಪ್ ಇಳಿಸಿರುತ್ತಾರೆ. ಅದರ ಬೆಳಕು ತೆಳುವಾದ ಒಳಪದರದ ಮೂಲಕ ಹೊರಗೆ ಕಾಣುವುದರಿಂದ ಎಲ್ಲಿ ನಿಲ್ಲಬೇಕೆಂಬುದು ತಿಳಿಯುತ್ತದೆ.

ರೋಬೋಟಿಗೆ ನಿಜವಾದ ಬೆಲೆ ಬರುವುದು ಈ ಘಟ್ಟದಲ್ಲಿ. ತಂಗಿಯ ಗಡ್ಡೆ ನಾಳದ ಸುತ್ತ ಬಾಗಿ, ಹಿಂಬದಿಗೆ ಹೋಗಿ ಕುಳಿತಿತ್ತು. ನೇರವಾದ ಕಡ್ಡಿಯಿಂದ ಆ ಮೂಲೆಯನ್ನು ತಲುಪಬೇಕಾದರೆ ಇಡೀ ನಾಳವನ್ನು ಎಳೆದು ತಿರುಗಿಸಬೇಕಾಗುತ್ತಿತ್ತು. ಬಾಗುವ ತುದಿ ಇದ್ದದ್ದರಿಂದ ನಾಳ ಇದ್ದ ಜಾಗದಲ್ಲೇ ಇದ್ದು ಉಪಕರಣ ಹಿಂಬದಿಗೆ ಸುತ್ತಿ ಹೋಗುವುದು ವಿಡಿಯೋದಲ್ಲಿ ಸ್ಪಷ್ಟವಾಗಿ ಕಂಡಿತು. ಗಡ್ಡೆ ಹೊರಬಂದ ಮೇಲೆ ನಾಳದ ಸುತ್ತ ನೀರು ತುಂಬಿಸಿ, ಒಳಗಿನಿಂದ ಗಾಳಿ ಊದಿ, ಗುಳ್ಳೆ ಬರುತ್ತದೆಯೇ ಎಂದು ನೋಡಿದರು. ಒಂದು ಗುಳ್ಳೆಯೂ ಬರಲಿಲ್ಲ. ಸೀಳಿದ ಸ್ನಾಯುವನ್ನು ಮತ್ತೆ ಹೊಲಿದರು. ಹೊಲಿಯದೆ ಬಿಟ್ಟರೆ ಒಳಪದರ ಆ ಸಂದಿಯಿಂದ ಚೀಲದಂತೆ ಹೊರಗೆ ಉಬ್ಬಿ, ಮುಂದೆ ನುಂಗುವ ತೊಂದರೆ ಮತ್ತೆ ಬರಬಹುದು. ಎದೆಯ ಆಳದಲ್ಲಿ ಹಾಕುವ ಈ ಹೊಲಿಗೆಯೂ ಬಾಗುವ ಉಪಕರಣದಿಂದ ಸುಲಭವಾಗುತ್ತದೆ.

ಯಂತ್ರಕ್ಕಿರುವ ಒಂದು ಕೊರತೆಯನ್ನೂ ಅದೇ ವೈದ್ಯರು ಹೇಳಿದರು. ಎಕ್ಸ್‌ಐ ಮಾದರಿಯಲ್ಲಿ ಸ್ಪರ್ಶದ ಅರಿವು ಸರ್ಜನ್ನರ ಕೈಗೆ ಬರುವುದಿಲ್ಲ. ಎಷ್ಟು ಬಿಗಿಯಾಗಿ ಎಳೆಯುತ್ತಿದ್ದೇನೆ ಎಂಬುದನ್ನು ಅಂಗಾಂಶದ ಬಣ್ಣ, ಸುಕ್ಕು, ಹಿಗ್ಗುವಿಕೆಯನ್ನು ಕಣ್ಣಿನಿಂದ ನೋಡಿಯೇ ಅಂದಾಜಿಸಬೇಕು. ಎಳೆತದ ಬಲ ತಿಳಿಸುವ ವ್ಯವಸ್ಥೆ ಬಂದದ್ದು 2024ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಡಾ ವಿಂಚಿ 5 ಮಾದರಿಯಲ್ಲಿ. ಕಾಗದದಷ್ಟು ನವಿರಾದ ಪದರದ ಮೇಲೆ ಕೆಲಸ ಮಾಡುವಾಗ ಇದು ಸಣ್ಣ ವಿಷಯವಲ್ಲ. ಅದನ್ನು ನೀಗಿಸುವುದು ಅನುಭವವೊಂದೇ, ಅದಕ್ಕಾಗಿ ಯಂತ್ರ ಯಾವುದು ಎಂದು ಕೇಳುವುದಕ್ಕಿಂತ ಕನ್ಸೋಲಿನಲ್ಲಿ ಕೂರುವವರು ಯಾರು ಎಂದು ಕೇಳುವುದು ಹೆಚ್ಚು ಮುಖ್ಯ.

ಆಪರೇಷನ್ನಿನ ನಂತರದ ಆರೈಕೆಗೆ ನಾನು ಪೂರ್ಣ ಅಂಕ ಕೊಡುತ್ತೇನೆ. ಬಣ್ಣದ ದ್ರವ ಕುಡಿಸಿ ತೆಗೆದ ಎಕ್ಸ್‌ರೇಯಲ್ಲಿ ಸೋರಿಕೆ ಇಲ್ಲವೆಂದು ಖಚಿತಪಡಿಸಿಕೊಂಡ ಮೇಲೆಯೇ ಬಾಯಿಗೆ ನೀರು ಕೊಟ್ಟರು. ಆಮೇಲೆ ತಿಳಿಸಾರು, ಗಂಜಿ, ಮೆತ್ತಗಿನ ಅನ್ನ ಹೀಗೆ ಹಂತ ಹಂತವಾಗಿ ಬಂತು. ಎದೆಯಲ್ಲಿಟ್ಟಿದ್ದ ಕೊಳವೆ ಅವಳಿಗೆ ಅತ್ಯಂತ ಹೆಚ್ಚು ನೋವು ಕೊಟ್ಟದ್ದು. ಅದನ್ನು ತೆಗೆದ ಕೂಡಲೇ ಉಸಿರು ಹಗುರವಾಯಿತೆಂದಳು. ಉಸಿರಾಟದ ವ್ಯಾಯಾಮವನ್ನು ಬೆನ್ನುಬಿದ್ದು ಮಾಡಿಸಿದ ಫಿಸಿಯೋಥೆರಪಿಸ್ಟ್, ರಾತ್ರಿಪಾಳಿಯಲ್ಲಿ ಪ್ರತಿ ಸಲವೂ "ಅಕ್ಕಾ, ನೋವು ಎಷ್ಟಿದೆ ಹೇಳಿ" ಎಂದು ವಿಚಾರಿಸುತ್ತಿದ್ದ ನರ್ಸ್ ಇವರನ್ನು ನಮ್ಮ ಮನೆಯವರು ಮರೆಯುವುದಿಲ್ಲ. ಆದರೆ ಸಣ್ಣ ರಂಧ್ರ ಎಂದರೆ ನೋವೇ ಇಲ್ಲ ಎಂದು ತಿಳಿಯಬಾರದು. ಪಕ್ಕೆಲುಬುಗಳ ನಡುವಿನ ನರಕ್ಕೆ ಒತ್ತಡ ಬೀಳುವುದರಿಂದ ಎದೆಯ ಕೆಳಗೆ ಒಂದು ಪಟ್ಟಿಯಷ್ಟು ಜಾಗದಲ್ಲಿ ಚುಮುಚುಮು ಮತ್ತು ಮರಗಟ್ಟಿದ ಭಾವನೆ ಬಹಳ ಕಾಲ ಉಳಿದಿತ್ತು. ಇದನ್ನು ಮೊದಲೇ ತಿಳಿಸಿದ್ದರೆ ಅವಳು ಅಷ್ಟು ಗಾಬರಿಯಾಗುತ್ತಿರಲಿಲ್ಲ.

ತೆಗೆದ ಗಡ್ಡೆಯ ಪರೀಕ್ಷೆಯ ವರದಿ ಬರುವವರೆಗೆ ಮನಸ್ಸಿಗೆ ನೆಮ್ಮದಿ ಇರಲಿಲ್ಲ. ನೋಡಲು ಲಿಯೋಮಯೋಮದಂತೆಯೇ ಇರುವ ಜಿಸ್ಟ್ ಎಂಬ ಇನ್ನೊಂದು ಗಡ್ಡೆ ಇದೆ, ಅನ್ನನಾಳದಲ್ಲಿ ಅದು ಅಪರೂಪ, ಆದರೆ ಅದರ ನಡವಳಿಕೆ ಮತ್ತು ಚಿಕಿತ್ಸೆ ಬೇರೆ. ಎರಡನ್ನೂ ಖಚಿತವಾಗಿ ಬೇರ್ಪಡಿಸುವುದು ವಿಶೇಷ ಬಣ್ಣಲೇಪನದ ಪರೀಕ್ಷೆಗಳು: ಲಿಯೋಮಯೋಮದಲ್ಲಿ ಡೆಸ್ಮಿನ್ ಎಂಬ ಪ್ರೋಟೀನ್ ಕಾಣಿಸಿಕೊಳ್ಳುತ್ತದೆ, ಸಿ.ಡಿ. 117 ಎಂಬ ಪ್ರೋಟೀನ್ ಕಾಣಿಸುವುದಿಲ್ಲ, ಜಿಸ್ಟ್‌ನಲ್ಲಿ ಸಾಮಾನ್ಯವಾಗಿ ಇದಕ್ಕೆ ತದ್ವಿರುದ್ಧ. ನಮ್ಮ ವರದಿಯಲ್ಲಿ ಎರಡೂ ಸ್ಪಷ್ಟವಾಗಿ ಬರೆದಿದ್ದವು. ಈ ಪರೀಕ್ಷೆಗಳಿಲ್ಲದ ವರದಿ ಕೈಗೆ ಬಂದರೆ ಕೇಳಿ ಮಾಡಿಸಿಕೊಳ್ಳಿ.

ಇನ್ನು ಹಣದ ವಿಚಾರ. ಇಲ್ಲಿ ನಮ್ಮ ಅನುಭವ ಚೆನ್ನಾಗಿರಲಿಲ್ಲ. ದಾಖಲಾಗುವ ಮೊದಲು ಕೊಟ್ಟ ಅಂದಾಜಿನಲ್ಲಿ ಪ್ಯಾಕೇಜ್ ಎಂಬ ಒಂದೇ ಮೊತ್ತ ಇತ್ತು. ಬಿಡುಗಡೆಯ ದಿನ ಬಂದ ಬಿಲ್ಲಿನಲ್ಲಿ ರೋಬೋಟಿನ ಉಪಕರಣಗಳು ಎಂಬ ಹೆಸರಿನಲ್ಲಿ ಲಕ್ಷ ರೂಪಾಯಿಗೂ ಮಿಕ್ಕ ಮೊತ್ತ ಪ್ರತ್ಯೇಕವಾಗಿ ಸೇರಿತ್ತು. ಇದಕ್ಕೆ ಕಾರಣವೇನೋ ಇದೆ. ಈ ಉಪಕರಣಗಳನ್ನು ನಿಗದಿತ ಸಂಖ್ಯೆಯಷ್ಟು ಆಪರೇಷನ್ನುಗಳಿಗೆ ಮಾತ್ರ ಬಳಸಬಹುದು, ಲೆಕ್ಕವನ್ನು ಯಂತ್ರವೇ ಇಡುತ್ತದೆ ಮತ್ತು ಮಿತಿ ಮುಗಿದ ಮೇಲೆ ಅವನ್ನು ಸ್ವೀಕರಿಸುವುದಿಲ್ಲ. ಆ ವೆಚ್ಚವನ್ನು ರೋಗಿಗಳ ಮೇಲೆ ಹಂಚುತ್ತಾರೆ. ಆಕ್ಷೇಪಣೆ ಇರುವುದು ವೆಚ್ಚದ ಬಗ್ಗೆ ಅಲ್ಲ, ಅದನ್ನು ಮೊದಲೇ ಬರೆದು ಕೊಡದೆ ಇದ್ದದ್ದರ ಬಗ್ಗೆ. ಬಿಲ್ಲಿಂಗ್ ಕೌಂಟರಿನಲ್ಲಿ ಕೇಳಿದರೆ "ವಿಮೆಯವರು ಕೊಡ್ತಾರೆ ಬಿಡಿ ಸಾರ್" ಎಂಬ ಉತ್ತರ ಬಂತು. ವಿಮೆಯವರು ಪೂರ್ತಿ ಕೊಡಲಿಲ್ಲ.

ವಿಮೆ ಇರುವವರು ಇದನ್ನು ಗಮನಿಸಬೇಕು. ವಿಮಾ ನಿಯಂತ್ರಣ ಪ್ರಾಧಿಕಾರವು 2019ರಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ ಆಧುನಿಕ ಚಿಕಿತ್ಸೆಗಳ ಪಟ್ಟಿಯೊಂದಿತ್ತು, ಅದರಲ್ಲಿ ರೋಬೋಟಿಕ್ ಶಸ್ತ್ರಚಿಕಿತ್ಸೆಯೂ ಸೇರಿತ್ತು, ಮತ್ತು ಆರೋಗ್ಯ ವಿಮಾ ಕಂಪನಿಗಳು ಅದನ್ನು ಪಾಲಿಸಿಯಿಂದ ಹೊರಗಿಡುವಂತಿರಲಿಲ್ಲ. ಆದರೆ ಅದಕ್ಕೆ ಒಳಮಿತಿ ಹಾಕಲು ಅವಕಾಶವಿತ್ತು. ವಿಮೆಯ ಮೊತ್ತ ದೊಡ್ಡದಿದ್ದರೂ ರೋಬೋಟಿಕ್ ಶಸ್ತ್ರಚಿಕಿತ್ಸೆಗೆ ಅದರ ಒಂದು ಭಾಗ ಮಾತ್ರ ಎಂದು ಒಳಪುಟದಲ್ಲೆಲ್ಲೋ ಬರೆದಿರಬಹುದು. ನಮ್ಮ ಪಾಲಿಸಿಯಲ್ಲಿ ಹಾಗೆಯೇ ಇತ್ತು.

ಈ ಚಿಕಿತ್ಸೆಯ ಪುರಾವೆಗಳ ಬಗ್ಗೆಯೂ ಒಂದು ಮಾತು ಹೇಳಬೇಕು. ರೋಬೋಟಿನ ಪರವಾಗಿ ಆಸ್ಪತ್ರೆಗಳು ಉಲ್ಲೇಖಿಸುವ ಅಧ್ಯಯನಗಳಲ್ಲಿ ನೆದರ್ಲೆಂಡ್ಸಿನ ಯುಟ್ರೆಕ್ಟ್‌ನಲ್ಲಿ ನಡೆದು 2019ರಲ್ಲಿ ಪ್ರಕಟವಾದದ್ದು ಒಂದು. 112 ರೋಗಿಗಳನ್ನು ಒಳಗೊಂಡ ಆ ಅಧ್ಯಯನದಲ್ಲಿ ರೋಬೋಟಿಕ್ ವಿಧಾನದಲ್ಲಿ ತೊಡಕುಗಳು ಕಡಿಮೆ ಇದ್ದದ್ದು ನಿಜ. ಆದರೆ ಅದು ಅನ್ನನಾಳದ ಕ್ಯಾನ್ಸರ್ ರೋಗಿಗಳದ್ದು, ಮತ್ತು ಹೋಲಿಕೆ ಮಾಡಿದ್ದು ಎದೆ ತೆರೆಯುವ ಆಪರೇಷನ್ನಿನ ಜೊತೆ. ಲಿಯೋಮಯೋಮದ ವಿಷಯದಲ್ಲಿ ರೋಗಿಗಳು ವಿರಳವಾದ್ದರಿಂದ ಲಭ್ಯವಿರುವುದು ಹೆಚ್ಚಾಗಿ ಒಂದೊಂದು ಆಸ್ಪತ್ರೆಯ ಅನುಭವದ ವರದಿಗಳು. ಒಳಪದರ ಹರಿಯುವುದು ರೋಬೋಟಿನಲ್ಲಿ ಕಡಿಮೆ ಎಂದು ಅವುಗಳಲ್ಲಿ ಕೆಲವು ಹೇಳುತ್ತವೆ. ನುರಿತ ಕೈಗಳಲ್ಲಿ ಥೊರಾಕೋಸ್ಕೋಪಿಯ ಫಲಿತಾಂಶವೂ ಚೆನ್ನಾಗಿಯೇ ಇದೆ.

ಆದ್ದರಿಂದ ಗಡ್ಡೆ ಉರುಟಾಗಿದ್ದು, ಸುಲಭವಾಗಿ ಕೈಗೆಟುಕುವ ಕಡೆ ಇದ್ದು, ಥೊರಾಕೋಸ್ಕೋಪಿಯಲ್ಲಿ ಪಳಗಿದ ಸರ್ಜನ್ ಸಿಕ್ಕರೆ, ಹೆಚ್ಚುವರಿ ಹಣ ಹೊಂದಿಸಲು ಚಿನ್ನ ಅಡವಿಡುವ ಅಗತ್ಯ ಖಂಡಿತ ಇಲ್ಲ ಎಂದು ನಾನು ಹೇಳುತ್ತೇನೆ. ಗಡ್ಡೆ ದೊಡ್ಡದಾಗಿ, ನಾಳವನ್ನು ಸುತ್ತಿಕೊಂಡಿದ್ದರೆ ರೋಬೋಟಿಗೆ ಕೊಡುವ ಹಣ ವ್ಯರ್ಥವಲ್ಲ. ಹೊಟ್ಟೆಗೆ ಸೇರುವ ಕೆಳತುದಿಯಲ್ಲಿದ್ದರೆ ಎದೆಯ ಗೊಡವೆಯೇ ಇಲ್ಲದೆ ಹೊಟ್ಟೆಯ ಕಡೆಯಿಂದ ಲ್ಯಾಪರೋಸ್ಕೋಪಿಯಲ್ಲೂ ತೆಗೆಯಬಹುದು, ಅದನ್ನು ಕೇಳಿ ತಿಳಿದುಕೊಳ್ಳಬೇಕು.

ನಮ್ಮ ಸರ್ಜನ್ನರಿಗೆ ತಂಗಿಯೇ ನೇರವಾಗಿ ಕೇಳಿದ್ದಳು, ಇಂಥ ಗಡ್ಡೆಗಳನ್ನು ನೀವು ಹಿಂದೆ ತೆಗೆದಿದ್ದೀರಾ, ಮಧ್ಯದಲ್ಲಿ ಒಳಪದರ ಹರಿದರೆ ಏನು ಮಾಡುತ್ತೀರಿ ಎಂದು. ಅವರು ಬೇಸರಪಡಲಿಲ್ಲ. ಹರಿದರೆ ಅಲ್ಲೇ ಹೊಲಿಯುತ್ತೇವೆ, ಬಾಯಿಗೆ ಆಹಾರ ಕೊಡುವುದನ್ನು ಮುಂದಕ್ಕೆ ಹಾಕುತ್ತೇವೆ, ಅಗತ್ಯ ಬಿದ್ದರೆ ಎದೆ ತೆರೆಯಬೇಕಾಗಬಹುದು ಎಂದು ಹೇಳಿ, ಅದನ್ನೆಲ್ಲ ಒಪ್ಪಿಗೆ ಪತ್ರದಲ್ಲಿ ಕನ್ನಡದಲ್ಲೇ ಬರೆಸಿ, ಓದಿ ಹೇಳಿ ಸಹಿ ಹಾಕಿಸಿಕೊಂಡರು. ಅದೇ ಆಸ್ಪತ್ರೆಯ ಬಿಲ್ಲಿಂಗ್ ವಿಭಾಗವೂ ಅಷ್ಟೇ ಬಿಚ್ಚುಮನಸ್ಸಿನಿಂದ ಉಪಕರಣದ ವೆಚ್ಚ, ವಿಮೆಯ ಒಳಮಿತಿ, ನಾವು ಕೈಯಿಂದ ಕಟ್ಟಬೇಕಾದ ಮೊತ್ತ ಇವನ್ನು ದಾಖಲಾಗುವ ಮುನ್ನವೇ ಒಂದು ಹಾಳೆಯಲ್ಲಿ ಬರೆದು ಕೊಡಬೇಕೆಂದು ನಾವು ಲಿಖಿತವಾಗಿ ಕೇಳಿಕೊಂಡಿದ್ದೇವೆ.